ಎರಿ ಮಣ್ಣಾಗ ಏಣಿ: ಮೂರನೇ ಸಲಕ್ಕ ನಿಂತಿತು

ಈ ಏಣಿ ಮೀನ್ ಹಿಡಿಯಾಕ ಮಾಡಿದ್ದು ಅಂತ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಟಂಟಂನಾಗ ಹಾಕ್ಕೊಂಡು ಹೊಂಟಾಗ ಬಾಗಲಕೋಟಿ ನವನಗರದಿಂದ ಹಿಡಿದು ಹಿನ್ನೀರು ಮುಟ್ಟೋತನಕ ಕಂಡ್ ಕಂಡವ್ರೆಲ್ಲ "ಯಾರ ಮನಿಗಿ ಸುಣ್ಣ ಹಚ್ಚಾಕ ಹೊಂಟೀರಿ" ಅಂತ ಕೇಳ್ಯಾರ. ಒಬ್ಬಾವ ಅಂತೂ ರೇಟ್ ಎಷ್ಟು ಅಂತಾನೂ ಕೇಳಿದ.

ವಿಷಯ ಹಿಂಗೈತಿ. ನಮ್ಮ ಕಾಕಾನ ಮಗ ಅಮೆರಿಕಾದಾಗ, ನೆವಾಡಾ ರಾಜ್ಯದಾಗ ಅದಾನ. ಅಲ್ಲಿ ಪಿರಮಿಡ್ ಲೇಕ್ ಅಂತ ಒಂದು ದೊಡ್ಡ ಸರೋವರ. ಲೇಕ್ ಟಾಹೋದಿಂದ ಹೊಂಟ ಟ್ರಕಿ ನದಿ ಬಂದು ಅದರಾಗ ಸೇರ್ತೈತಿ, ಅಲ್ಲಿಂದ ಮುಂದ ನೀರಿಗಿ ಹೊರಗ ಹೋಗಾಕ ದಾರೀನ ಇಲ್ಲ, ಅದಕ್ಕ ನೀರು ಸವಳು. ಅದರಾಗ ಲಹೋಂಟನ್ ಕಟ್‌ಥ್ರೋಟ್ ಅನ್ನೋ ಟ್ರೌಟ್ ಮೀನು. 1925ರಾಗ ಜಾನ್ ಸ್ಕಿಮ್ಮರ್‌ಹಾರ್ನ್ ಅನ್ನಾವ ಅಲ್ಲಿ ಹಿಡಿದದ್ದು 41 ಪೌಂಡ್ ತೂಗಿತ್ತು, ಅಂದ್ರ ಹದಿನೆಂಟೂವರಿ ಕೆಜಿ, ಅದು ಇವತ್ತಿಗೂ ರೆಕಾರ್ಡು. ಹೋದ ಚಳಿಗಾಲದಾಗ ತಮ್ಮ ಆ ದಂಡಿಗಿ ನಿಂತು ವಿಡಿಯೋ ಕಾಲ್ ಮಾಡಿದ. ನೋಡ್ತೀನಿ, ನೀರಾಗ ಸಾಲಾಗಿ ಏಣಿ ಇಟ್ಟಾರ, ಒಂದೊಂದು ಏಣಿ ಮ್ಯಾಲೆ ಒಬ್ಬೊಬ್ಬ ಮನಷ್ಯಾ, ಕೈಯಾಗ ಫ್ಲೈ ರಾಡು, ಅಂದ್ರ ಹುಳದಂಗ ಕಾಣೋ ಗಾಳ (ಅದಕ್ಕ ಫ್ಲೈ ಅಂತಾರ) ದಾರಕ್ಕ ಕಟ್ಟಿ ಬೀಸೋ ಕೋಲು. "ಲೇ ತಮ್ಮಾ, ಕರೆಂಟ್ ಲೈನ್ ಎಳ್ಯಾಕತ್ತಾರೇನ?" ಅಂದೆ. ಅವ ನಕ್ಕು ನಕ್ಕು ಫೋನ್ ನೀರಾಗ ಕೆಡವೋದೊಂದು ಬಾಕಿ.

ಆಮ್ಯಾಲೆ ತಿಳಿಸಿ ಹೇಳಿದ. ಆ ಲೇಕಿನ ದಂಡ್ಯಾಗ ಸ್ವಲ್ಪ ದೂರ ಆಳ ಕಡಿಮಿ ಇರ್ತೈತಿ, ಆಮ್ಯಾಲೆ ಒಮ್ಮಿಗೇ ಇಳಿಜಾರು. ದೊಡ್ಡ ಟ್ರೌಟ್ ಆ ಇಳಿಜಾರಿನ ಗುಂಟ ಎಮ್ಮಿ ಕಾಲ್ದಾರ್ಯಾಗ ಹೋದಂಗ ಹೋಗ್ತಾವು ಬರ್ತಾವು. ಅಲ್ಲೀತನಕ ನೀರಾಗ ನಡಕೊಂಡು ಹೋಗಿ ಅಂಚಿಗೆ ಏಣಿ ಇಟ್ಟು ಹತ್ತಿ ನಿಂತ್ರ ಥಂಡಿ ನೀರಿನಿಂದ ಮೈ ಮ್ಯಾಲೆ ಇರ್ತೈತಿ, ಹಿಂದಕ್ಕ ಬೀಸಿದ ಲೈನು ನೀರಿಗಿ ಬಡ್ಯಂಗಿಲ್ಲ, ಮುಂದ ಇನ್ನೂ ದೂರ ಹೋಗ್ತೈತಿ. ಇಷ್ಟ ಅದರ ಗುಟ್ಟು. ಕೆಲವ್ರು ಏಣಿಗೆ ಕುರ್ಚಿ ಕೂಡಾ ಜೋಡಿಸ್ಯಾರ, ಕುಂತ್ಕೊಂಡ ಹಿಡೀತಾರ, ಪುಣ್ಯವಂತರು.

ನಮ್ಮಲ್ಲಿ ಟ್ರೌಟ್ ಎಲ್ಲಿ ಐತಿ ಅಂತ ಕೇಳಬ್ಯಾಡ್ರಿ, ನಂಗೂ ಗೊತ್ತೈತಿ. ಅದಕ್ಕ ಇಪ್ಪತ್ತು ಡಿಗ್ರಿ ಒಳಗಿನ ನೀರ್ ಬೇಕು. ದಕ್ಷಿಣದಾಗ ಅಂದ್ರ ನೀಲಗಿರಿ, ಮುನ್ನಾರ್ ಗುಡ್ಡದ ಕಡೆ ಬ್ರಿಟಿಷರು ತಂದು ಬಿಟ್ಟದ್ದು ಅದಾವು. ಬಾಗಲಕೋಟಿ ಏಪ್ರಿಲ್ ಬಿಸಲಾಗ ಇಲ್ಲಿ ತಂದು ಬಿಟ್ರ ಅದು ತಾನ ಬೆಂದು ಸಾರಾಗ್ತೈತಿ. ನಮ್ಮ ಹಿನ್ನೀರಾಗ ಕಟ್ಲಾ, ರೋಹು, ಮೃಗಾಲ್, ಜಿಲೇಬಿ, ಕೊರವ, ಬಾಳೆ ಮೀನು, ಇವ. ತಮ್ಮ ಊರಿಗೆ ಬಂದಾಗ ತನ್ನ ಹಳೇ ರಾಡು ಕೊಟ್ಟು ಹೋಗ್ಯಾನ, ಒಂಬತ್ತೂವರಿ ಫೂಟಿಂದು, ಏಳು ನಂಬರ್ ಲೈನಿಂದು. ಎರಡು ವರ್ಷ ದಂಡಿಗಿ ನಿಂತು ಬೀಸಿ ಬೀಸಿ ಹಿಂದಿನ ಜಾಲಿ ಗಿಡಕ್ಕ ಎಷ್ಟು ಫ್ಲೈ ಕೊಟ್ಟೀನಿ ಅಂದ್ರ ಆ ಗಿಡಕ್ಕ ತೋರಣ ಕಟ್ಟಿದಂಗ ಕಾಣತಿತ್ತು. ನನಗ ಏಣಿ ಬೇಕಾಗಿದ್ದು ಈ ಜಾಲಿ ಸಲುವಾಗಿ.

ಎಲ್ಲಿ ಇಡಬೇಕು ಅನ್ನೋದು ನನಗ ಮೊದಲ ಗೊತ್ತಿತ್ತು. ನಮ್ಮ ಅಜ್ಜನ ಹೊಲ ಈ ಹಿನ್ನೀರಾಗ ಮುಳುಗೈತಿ. ಆಲಮಟ್ಟಿ ಡ್ಯಾಮು ಪೂರ್ತಿ 519.60 ಮೀಟರ್ ತುಂಬಿದಾಗ ಹೊಲ ಎಲ್ಲಿತ್ತು ಅಂತ ಗುರ್ತೂ ಸಿಗಂಗಿಲ್ಲ, ಆದ್ರ ನೀರು ಇಳಕೋತ ಬಂದಂಗ ಬಂದಂಗ ಮೊದಲ ಬೇವಿನ ಗಿಡದ ಬೊಡ್ಡಿ ಕಾಣತೈತಿ, ಆಮ್ಯಾಲೆ ಬದುವು. ಅಜ್ಜ ಕಲ್ಲು ಹೊತ್ತು ಹಾಕಿದ ಒಡ್ಡು ಅದು. ಅದರ ಈ ಕಡೆ ಮೊಣಕಾಲ್ ಮಟ ನೀರು, ಆ ಕಡೆ ಹಳ್ಳ ಹರೀತಿದ್ದ ಜಾಗ, ಒಮ್ಮಿಗೇ ಆಳ. ತಮ್ಮ ಪಿರಮಿಡ್ ಲೇಕಿನ ಇಳಿಜಾರು ಅಂತ ಹೇಳಿದಾಗ ನನ್ನ ಕಣ್ಣಿಗೆ ಬಂದಿದ್ದು ಅಜ್ಜನ ಒಡ್ಡು. ಸಣ್ಣಾವ ಇದ್ದಾಗ ಅದರ ಮ್ಯಾಲೆ ಕುಂತು ಸೀತನಿ ತಿಂದೀನಿ, ಈಗ ಅದರ ಗುಂಟ ಮೀನು ತಿರಗಾಡ್ತಾವು.

ಮೀನ ಹಿಡಿಯೋ ಸೊಸೈಟಿಯವ್ರನ್ನ ಕೇಳಿ, ಬಲಿ ಹಾಕಿದ ಜಾಗ ಬಿಟ್ಟು ನಿಲ್ಲಬೇಕು ಅಂತ ಒಪ್ಪಿಸ್ಕೊಂಡೆ. ಪಿರಮಿಡ್ ಲೇಕೂ ಹಂಗ, ಅದು ಪಾಯೂಟ್ ಅನ್ನೋ ಮೂಲ ಜನರ ಜಾಗ, ಅವರ ಪರ್ಮಿಟ್ ಇಲ್ದ ಗಾಳ ಹಾಕಂಗಿಲ್ಲ.

ಈಗ ಕೆಲಸಕ್ಕ ಬರೂನು. ನಂದು ಮೋಟಾರ್ ವೈಂಡಿಂಗ್ ಅಂಗಡಿ, ಎದುರಿಗೇ ವೆಲ್ಡಿಂಗ್ ಶಾಪು, ಅವರಿಗೆ ನಾವೆಲ್ಲಾ ಮಾಮಾ ಅಂತೀವಿ. ಒಂದಿಂಚಿನ ಚೌಕ ಪೈಪು, 16 ಗೇಜ್, 20 ಫೂಟಿನ ಎರಡು ಉದ್ದ ತಂದೆ, ಎರಡೂ ಸೇರಿ ಹದಿನಾಲ್ಕು ಕೆಜಿ ಆತು. ಮೂರು ಮೆಟ್ಟಲಾ, ಒಂದೊಂದರ ನಡುವ ಒಂದು ಫೂಟು, ಮ್ಯಾಲಿನ ಮೆಟ್ಟಲಾ ಹದಿನೆಂಟಿಂಚು ಅಗಲ ಹದಿನಾರಿಂಚು ಉದ್ದ, ಚೆಕ್ಕರ್ ಪ್ಲೇಟಿನ ತುಂಡು ಹಾಕಿದ್ದು ಕಾಲು ಜಾರಬಾರ್ದು ಅಂತ. ಮುಂದ ನೀರಿನ ಕಡೆ ಟೊಂಕದ ಮಟ ಒಂದು ಹಿಡಿಕಿ. ಕೆಳಗ ಕಾಲು ಅಗಲ, ಮ್ಯಾಲೆ ಕಿರಿದು. ಮಡಚಾಕ ಬರೂ ಹಂಗ ಮ್ಯಾಲೆ ಎರಡು ಬೋಲ್ಟು, ಬಿಚ್ಚಿ ಇಟ್ಟಾಗ ಅದು ಮತ್ತ ಅಗಲ ಆಗಬಾರ್ದು ಅಂತ ಎರಡೂ ಕಡೆ ಪಟ್ಟಿ.

ಎರಡು ಮಾತು ಇಲ್ಲಿ ಕೇಳ್ರಿ, ನೀವೂ ಮಾಡೂದಿದ್ರ. ಒಂದು, 16 ಗೇಜಿಗೆ 3.15 ಎಮ್ಮೆಮ್ ವೆಲ್ಡಿಂಗ್ ರಾಡು ಹಚ್ಚಿದ್ರ ಪೈಪಿಗಿ ತೂತು ಬೀಳತೈತಿ, 2.5 ರಾಡು ತಗೋರಿ, ಆಂಪಿಯರ್ ಕಡಿಮಿ ಇಟ್ಟು ತುಂಡು ತುಂಡು ಹಚ್ಕೋತ ಹೋಗ್ರಿ. ಇನ್ನೊಂದು, ಪೈಪಿನ ಬಾಯಿ ಪೂರ್ತಿ ಮುಚ್ಚಿಬಿಟ್ರ ಒಳಗ ಗಾಳಿ ತುಂಬಿ ನೀರಾಗಿನ ಕಾಲು ಹಗುರ ಆಗ್ತೈತಿ, ಬಾಯಿ ಬಿಟ್ರ ಒಳಗ ರಾಡಿ ತುಂಬತೈತಿ. ನಾವು ಬಾಯಿ ಮುಚ್ಚಿ, ಕೆಳಗೊಂದು ಮ್ಯಾಲೊಂದು ಆರು ಎಮ್ಮೆಮ್ ತೂತು ಹೊಡದ್ವಿ, ನೀರು ಒಳಗೂ ಬರ್ಲಿ ಹೊರಗೂ ಹೋಗ್ಲಿ ಅಂತ. ರೆಡ್ ಆಕ್ಸೈಡ್ ಎರಡು ಕೋಟು, ಮ್ಯಾಲೆ ಹಸರು ಬಣ್ಣ, ಬಣ್ಣ ಉಳದಿದ್ದು ಪಂಪಿಂದು.

ಮೊದಲನೇ ದಿನ. ತಮ್ಮನ್ನ ವಿಡಿಯೋ ಕಾಲಿಗೆ ಹಚ್ಚಿ, ಫೋನ್ ನನ್ನ ಮಗನ ಕೈಯಾಗ ಕೊಟ್ಟು, ಮೆರವಣಿಗಿ ಮಾಡ್ಕೊಂಡು ಹೋದ್ವಿ. ಒಡ್ಡಿನ ಈ ಕಡೆ ಏಣಿ ಇಟ್ಟೆ. ಒಂದನೇ ಮೆಟ್ಟಲಾ ಹತ್ತಿದೆ, ಭಾಳ ಚಂದ. ಎರಡನೇದು ಹತ್ತಿದೆ, ಎಡಗಡೆ ಹಿಂದಿನ ಕಾಲು ಸಾವಕಾಶ ಒಳಗ ಹೋಗಾಕ ಹತ್ತಿತು. ಒಮ್ಮಿಗೇ ಬಿದ್ದಿದ್ರ ಚಲೋ ಇತ್ತು, ಹಂಗಾಗ್ಲಿಲ್ಲ, ಲಿಫ್ಟಿನಾಗ ಇಳಿದಂಗ ಇಳೀತು, ನಾನು ರಾಡು ಮ್ಯಾಲೆ ಎತ್ತಿ ಹಿಡ್ಕೊಂಡು, ಹೆಂಗೂ ಬೀಳೂದ ಐತಿ ಅಂತ ಗೊತ್ತಿದ್ದೂ ಏನೂ ಮಾಡಾಕ ಬರಲಾರ್ದ, ಪೂರ್ತಿ ಬಾಜೂಕ ವಾಲಿ ನೀರಾಗ ಬಿದ್ದೆ. ತಮ್ಮ ಅತ್ತಾಗ ಕುಂತು ನೋಡಿದ. ಇವತ್ತಿಗೂ ಆ ರೆಕಾರ್ಡಿಂಗ್ ನಮ್ಮ ಮನಿ ಗ್ರೂಪಿನಾಗ ಹಬ್ಬಕ್ಕೊಮ್ಮೆ ಬರತೈತಿ.

ತಪ್ಪು ನಂದ. ಪಿರಮಿಡ್ ಲೇಕಿನ್ಯಾಗ ಅವ್ರು ಇಡೋದು ಉಸುಕಿನ ದಂಡ್ಯಾಗ. ನಮ್ಮದು ಎರಿ ಹೊಲ. ಬ್ಯಾಸಗ್ಯಾಗ ಕಲ್ಲಿನಂಗ ಬಿರಿಯೋ ಮಣ್ಣು ಅದ, ನೀರಾಗ ಆರು ತಿಂಗಳು ಕುಂತ ಮ್ಯಾಲೆ ಬೆಣ್ಣಿ. ಅಂಗಡಿಗಿ ಬಂದು ಲೆಕ್ಕ ಹಾಕಿದೆ: ನನ್ನ ತೂಕ 78, ಏಣಿ 14, ಒಟ್ಟು 92 ಕೆಜಿ. ಅದೆಲ್ಲಾ ಒಂದಿಂಚಿನ ನಾಲ್ಕು ಪೈಪಿನ ತುದಿ ಮ್ಯಾಲೆ, ಅಂದ್ರ ಚದರ ಇಂಚಿಗೆ 23 ಕೆಜಿ. ಸೂಜಿ ಚುಚ್ಚಿದಂಗ. ಬರೀ ಕಾಲಿಲೆ ನಿಂತ ಮನಷ್ಯಾನ ಎರಡು ಪಾದ ಸೇರಿ ಒಂದರವತ್ತು ಚದರ ಇಂಚು ಹಿಡೀರಿ, ಇಂಚಿಗೆ ಒಂದೂಕಾಲು ಕೆಜಿ ಬರತೈತಿ, ಅಷ್ಟಕ್ಕ ಆ ಮಣ್ಣಾಗ ಕಾಲು ಪಾದದ ಮ್ಯಾಲೀತನಕ ಹುಗೀತೈತಿ. ನಾ ಏನ್ ಯೋಚನಿ ಮಾಡಿ ಇಟ್ಟಿದ್ದೆ ದೇವರಿಗೇ ಗೊತ್ತು.

ಎರಡನೇ ಸಲ. ಮೂರು ಎಮ್ಮೆಮ್ ಪ್ಲೇಟು ಎಂಟಿಂಚು ಚೌಕ ಕತ್ತರಿಸಿ ನಾಲ್ಕೂ ಕಾಲಿಗೆ ವೆಲ್ಡ್ ಹೊಡಿಸಿದೆ. ಒಂದೊಂದು ಪ್ಲೇಟು ಒಂದು ಕೆಜಿ, ಏಣಿ ಹದಿನೆಂಟಾತು. ಆದ್ರ ಈಗ ತೂಕ ಬೀಳೋದು 256 ಚದರ ಇಂಚಿನ ಮ್ಯಾಲೆ, ಇಂಚಿಗೆ ಅರ್ಧ ಕೆಜಿನೂ ಇಲ್ಲ. ಹೋಗಿ ಇಟ್ಟೆ, ಹತ್ತಿದೆ, ಎರಡಿಂಚು ಇಳಿದು ನಿಂತುಬಿಡ್ತು. ಒಂದು ತಾಸು ನಿಂತೆ. ಗಾಳಿ ಬಂದು ತೆರಿ ಎದ್ರೂ ಅಲುಗಾಡ್ಲಿಲ್ಲ. ದೂರದಾಗ ತೆಪ್ಪದಾಗಿನವ್ರು ಈ ಹುಚ್ಚ ಯಾಂವಲೇ ಅಂತ ನೋಡಾಕತ್ತಿದ್ರು, ನಂಗ ರಾಜಾ ಆದಂಗ ಆಗಿತ್ತು.

ಇಳಿದು ಏಣಿ ಎತ್ತಾಕ ಹೋದೆ, ಬರವಲ್ದು.

ಮಗ ಬಂದ, ಇಬ್ರೂ ಎತ್ತಿದ್ವಿ, ಬರವಲ್ದು. ಪ್ಲೇಟಿನ ಕೆಳಗ ಗಾಳಿ ಹೋಗಾಕ ಜಾಗ ಇಲ್ಲ, ನೀರೂ ಹೋಗಂಗಿಲ್ಲ, ಮಣ್ಣು ಹೀರ್ಕೊಂಡು ಕುಂತೈತಿ. ಅಲುಗಾಡ್ಸಿ ಅಲುಗಾಡ್ಸಿ ಎಳದ್ರ ಮೂರು ಕಾಲು ಬಂದ್ವು, ನಾಲ್ಕನೇದರ ವೆಲ್ಡು ಕಿತ್ತು ಪ್ಲೇಟು ಅಲ್ಲೇ ಉಳೀತು. ಕೈ ಹಾಕಿ ಹುಡುಕಿ ತಗದೆ, ಬೆರಳಿಗೆ ಜಾಲಿ ಮುಳ್ಳು ಬ್ಯಾರೆ. ಇಷ್ಟಾಗೋತನಕ ಅರ್ಧ ತಾಸು.

ಅಷ್ಟೊತ್ತಿಗೆ ತೆಪ್ಪದ ಕಾಕಾ ಒಬ್ರು ಬಾಜೂಕ ಬಂದು ನಿಂತಿದ್ರು, ಬೀಡಿ ಹಚ್ಕೊಂಡು. ವಯಸ್ಸು ಎಪ್ಪತ್ತರ ಮ್ಯಾಲೆ, ಈ ನೀರು ಬರೂಕಿಂತ ಮೊದಲ ಹೊಳಿಯೊಳಗ ಬಲಿ ಹಾಕಿದವ್ರು. "ತಮ್ಮಾ, ರಾಡ್ಯಾಗ ನಡೀವಾಗ ಮೊದಲ ಯಾವ್ದು ಎತ್ತತಿ?" ಅಂದ್ರು. ನಾ ಕಾಲು ಅಂದೆ. "ಕಾಲಲ್ಲೋ, ಹಿಮ್ಮಡಾ" ಅಂದು ತೆಪ್ಪದಿಂದ ಇಳಿದು ತೋರಿಸಿದ್ರು. ಪಾದ ನೆಟ್ಟಗ ಮ್ಯಾಲೆ ಎಳದ್ರ ಮಣ್ಣು ಬಿಡಂಗಿಲ್ಲ, ಚಪ್ಪಲ್ ಕಿತ್ಕೋತೈತಿ. ಹಿಮ್ಮಡಾ ಮೊದಲ ಎತ್ತಿದ್ರ ಅದರ ಕೆಳಗ ನೀರು ಹೋಗತೈತಿ, ಆಮ್ಯಾಲೆ ಬೆರಳು ತಾವ ಬರ್ತಾವು. ಎತ್ತೋಮುಂದ ಒಂದು ಸಪ್ಪಳ ಬಂತು, ಪಚಕ್ ಅಂತ. ನಾ ಹತ್ತು ವರ್ಷದಿಂದ ಆ ರಾಡ್ಯಾಗ ನಡದೀನಿ, ಹಿಮ್ಮಡಾನ ಎತ್ತೀನಿ, ಆದ್ರ ಎತ್ತತೀನಿ ಅಂತ ಗೊತ್ತಿರಲಿಲ್ಲ. ಮನ್ಯಾಗ ಇದನ್ನ ಹೇಳಿದ್ರ ಮನಿಯವ್ರು "ಹಂಚಿನ ಮ್ಯಾಗಿನ ರೊಟ್ಟೀನ ನಡುವ ಹಿಡಿದು ಎತ್ತತಾರೇನ್ರಿ ಯಾರರ?" ಅಂದು ಒಳಗ ಹೋದ್ರು. ಎಲ್ಲಾರಿಗೂ ಗೊತ್ತಿದ್ದದ್ದ, ನಂಗೊಬ್ಬಾವಗ ಬಿಟ್ಟು.

ಮೂರನೇ ಸಲ, ಈಗ ಇರೋದು. ಪ್ಲೇಟುಗಳ್ನ ಗ್ರೈಂಡರ್ ಹಚ್ಚಿ ಬಿಡಿಸಿದ್ವಿ. ಒಂದೊಂದು ಪ್ಲೇಟಿನ ಮ್ಯಾಲೆ ಪಟ್ಟಿಯ ಎರಡು ಕಿವಿ ನಿಲ್ಲಿಸಿ, ಅದರ ನಡುವ ಏಣಿ ಕಾಲು ಕುಂದ್ರಿಸಿ, ಅಡ್ಡ ಹತ್ತು ಎಮ್ಮೆಮ್ ಬೋಲ್ಟು, ತಾನ ಸಡಲಾಗಲಾರದ ನೈಲಾಕ್ ನಟ್ಟು. ನಟ್ಟು ಪೂರ್ತಿ ಬಿಗಿ ಮಾಡಿಲ್ಲ, ಪ್ಲೇಟು ಪಾದದಂಗ ಹಿಂದ ಮುಂದ ಆಡಬೇಕು. ಕಿವಿ ನಟ್ಟನಡುವ ಇಡ್ಲಿಲ್ಲ, ಸ್ವಲ್ಪ ಹಿಂದಕ್ಕ ಸರಿಸಿದ್ವಿ. ಏಣಿ ಎತ್ತಿದ್ರ ಪ್ಲೇಟಿನ ಹಿಂದಿನ ಅಂಚು ಮೊದಲ ಏಳಬೇಕು, ಹಿಮ್ಮಡಾ ಎದ್ದಂಗ.

ಎಷ್ಟು ಸರಿಸಬೇಕು ಅನ್ನೋದ್ರಾಗ ಒಂದು ದಿನ ಹೋತು. ಮಾಮಾ ಎರಡಿಂಚು ಸರಿಸಿದ್ರು, ಜಾಸ್ತಿ ಇದ್ರ ಚಲೋ ಏಳತೈತಿ ಅಂತ. ನೀರಾಗ ಇಟ್ಟು ಹತ್ತಿದ್ರ ತೂಕ ಎಲ್ಲಾ ಹಿಂದಿನ ಅಂಚಿಗೆ ಬಿದ್ದು ಪ್ಲೇಟು ವಾರಿ ಆತು, ಏಣಿ ಹಿಂದಕ್ಕ ಇಳಿಯಾಕ ಹತ್ತಿತು, ನಾ ಹಾರಿದೆ. ಮತ್ತ ತಂದು ಕಿವಿ ಕಿತ್ತು ಅರ್ಧ ಇಂಚಿಗೆ ಇಟ್ವಿ. ಅರ್ಧ ಇಂಚು ಸಾಕು. ನಿಂತಾಗ ಪ್ಲೇಟು ಸಪಾಟ, ಎತ್ತಿದಾಗ ಹಿಂದಿನ ಅಂಚು ಏಳತೈತಿ. ಅಂಚೂ ಸ್ವಲ್ಪ ಮ್ಯಾಲಕ್ಕ ಬಗ್ಗಿಸೇವಿ, ತಾಟಿನಂಗ, ಕೆಳಗ ನೀರು ಬೇಗ ಹೋಗ್ಲಿ ಅಂತ. ಪ್ಲೇಟು ಪೂರ್ತಿ ತಿರುವಿ ಬೀಳಬಾರ್ದು ಅಂತ ಕಿವಿ ನಡುವ ಒಂದು ಸಣ್ಣ ತುಂಡು ರಾಡು ತಡಿ ಮಾಡೇವಿ, ಇದನ್ನ ಮರ್ತ್ರ ಏಣಿ ಇಡೋಮುಂದ ಪ್ಲೇಟು ಉಲ್ಟಾ ಮಡಚಿ ಕುಂದರತೈತಿ.

ಈಗ ಏಣಿ ತಗಿಯೂದು ಹೆಂಗಂದ್ರ, ಒಂದ್ ಕಾಲು ಹಿಡಿದು ಸಾವಕಾಶ ಎತ್ತೂದು, ಒಂದೆರಡು ಕ್ಷಣ ತಡೀಬೇಕು, ಒಮ್ಮಿಗೇ ಜಗ್ಗಬಾರ್ದು. ಪಚಕ್ ಅಂತೈತಿ, ಗುಳ್ಳಿ ಬರತಾವು, ಪ್ಲೇಟು ವಾರ್ಯಾಗಿ ಕರೀ ರಾಡಿ ಸುರಿಸ್ಕೋತ ಮ್ಯಾಲೆ ಬರತೈತಿ. ನಾಲ್ಕಕ್ಕೂ ಸೇರಿ ಎರಡು ನಿಮಿಷ, ನಾ ಒಬ್ಬಾವನ ತಗೀತೀನಿ. ಕಾಕಾ ನೋಡಿದ್ರು. ಏನೂ ಅನ್ಲಿಲ್ಲ, ತಲಿ ಅಲುಗಾಡ್ಸಿದ್ರು.

ಹಿಡಿಕಿ ಮ್ಯಾಲೆ ಲೈನ್ ಬುಟ್ಟಿ ಐತಿ. ಫ್ಲೈ ಲೈನು ಕೈಲೇ ಜಗ್ಗಿ ಜಗ್ಗಿ ಒಳಗ ತಗೋಬೇಕಲ್ಲ, ಅದು ಏಣಿ ಕಾಲಿಗೆ ಸುತ್ಕೊಂಡ್ರ ಮುಗೀತು ಕತಿ. ಸಂತ್ಯಾಗಿನ ಪ್ಲಾಸ್ಟಿಕ್ ಬುಟ್ಟಿ, ಬುಡಕ್ಕ ತೂತು ಹೊಡದು ಕೇಬಲ್ ಟೈ ನಿಲ್ಲಿಸೀನಿ, ಒಂದ್ಹತ್ತು ಹನ್ನೆರಡು, ಎರಡೂವರಿ ಇಂಚು ಎತ್ತರ ಬಿಟ್ಟು ಕತ್ತರಿಸಿದ್ದು, ಲೈನಿನ ಸುರುಳಿ ಅವುಗಳ ನಡುವ ಬಿದ್ರ ಒಂದಕ್ಕೊಂದು ತೊಡರಂಗಿಲ್ಲ. ಇದು ಪುಕ್ಕಟ ಕೆಲಸ, ಏಣಿ ಇಲ್ದವ್ರೂ ಟೊಂಕಕ್ಕ ಕಟ್ಕೊಂಡು ಮಾಡ್ಕೋಬಹುದು.

ಫ್ಲೈ ಬಗ್ಗೆ ಸ್ವಲ್ಪ ಹೇಳ್ತೀನಿ ಯಾಕಂದ್ರ ಇದ್ರಾಗ ನನ್ನ ಕಸಬು ಉಪಯೋಗಕ್ಕ ಬಂತು. ಪಿರಮಿಡ್ ಲೇಕಿನ್ಯಾಗ ನಡಿಯೋ ಫ್ಲೈಗಳಾಗ ಒಂದು ಕೈರೋನೊಮಿಡ್ ಅಂತ. ಹೆಸರು ದೊಡ್ಡದು, ಹುಳ ಸಣ್ಣದು. ಸಂಜಿ ಹೊತ್ತು ಹಿನ್ನೀರಿನ ದಂಡ್ಯಾಗ ಲೈಟ್ ಹಚ್ಚಿದ್ರ ಗುಂಪು ಗುಂಪು ಬಂದು ಮುಕುರ್ತಾವಲ್ಲ, ಸೊಳ್ಳಿಯಂಗ ಇದ್ದು ಕಡಿಯಲಾರ್ದವು, ಅವ. ಅದರ ಮರಿ ಕೆಳಗ ರಾಡ್ಯಾಗ ಇರತೈತಿ, ಕೆಲವಂತೂ ನೆತ್ತರದಂಗ ಕೆಂಪು. ಕೋಶ ಆದ ಮ್ಯಾಲೆ ರಾಡಿ ಬಿಟ್ಟು ಸಾವಕಾಶ ಮ್ಯಾಲೆ ಏಳತೈತಿ, ಆಗ ಮೀನು ತಿಂತಾವು. ಅದಕ್ಕ ಅಲ್ಲಿ ಮಂದಿ ಫ್ಲೈ ಜಗ್ಗಂಗಿಲ್ಲ, ಬೆಂಡಿನ ಕೆಳಗ ತೂಗಬಿಟ್ಟು ಸುಮ್ಮನ ನಿಂದರ್ತಾರ. ನಾ ಮಾಡೂದು ಹನ್ನೆರಡು ಅಥವಾ ಹದಿನಾಲ್ಕು ನಂಬರ್ ಗಾಳಕ್ಕ ಕರೀ ದಾರ ತೆಳ್ಳಗ ಸುತ್ತಿ, ಮ್ಯಾಲೆ ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಐದಾರು ಸುತ್ತು, ಬಿಡಿಬಿಡಿ, ತಲಿ ಕಡೆ ಬಿಳಿ ಉಲ್ಲನ್ ಒಂದು ಎಳಿ. ಮ್ಯಾಲೆ ವೈಂಡಿಂಗಿನ ವಾರ್ನಿಷ್ ಎರಡು ಕೈ. ಒಣಗಿದ ಮ್ಯಾಲೆ ಹೊಳೀತೈತಿ ನೋಡ್ರಿ, ಹುಳದ ಮೈಯೊಳಗ ಗಾಳಿ ತುಂಬಿದಂಗ. ಫೋಟೋ ಕಳಿಸಿದ್ರ ತಮ್ಮ "ಅಣ್ಣಾ, ಇಲ್ಲಿ ಇಂಥಾವ್ನ ಡಾಲರ್ ಕೊಟ್ಟು ತಗೋತೀವಿ" ಅಂದ. ಐದು ಎಚ್‌ಪಿ ಮೋಟಾರು ಸುಟ್ಟು ಬಂದ್ರ ರೈತಗ ದುಃಖ, ನನಗ ಇನ್ನೂ ಐವತ್ತು ವರ್ಷದ ಫ್ಲೈ.

ಏಣಿ ನಿಂತ ಮ್ಯಾಲೆ ಮೂರು ಭಾನುವಾರ ಹೋಗೀನಿ. ದಂಡಿಗಿ ನಿಂತು ಮೂವತ್ತೈದು ಫೂಟು ಹೋಗತಿದ್ದ ಲೈನು ಈಗ ಐವತ್ತರ ಮ್ಯಾಲೆ ಹೋಗತೈತಿ, ಜಾಲಿ ಗಿಡ ಹಿಂದ ದೂರ ಉಳೀತು. ಮೊದಲ ಎರಡು ಭಾನುವಾರ ಬೆಂಡು ಅಲುಗಾಡ್ಲಿಲ್ಲ. ಮೂರನೇದ್ರಾಗ ಒಡ್ಡಿನ ಆ ಕಡೆ, ತಳದಿಂದ ಒಂದು ಗೇಣು ಮ್ಯಾಲೆ ಫ್ಲೈ ತೂಗಬಿಟ್ಟಿದ್ದೆ, ಬೆಂಡು ಬಾಜೂಕ ಸರೀತು. ಮುಳುಗಲಿಲ್ಲ, ಸುಮ್ಮನ ಬಾಜೂಕ ಸರೀತು. ಎತ್ತಿದೆ, ಜಿಲೇಬಿ, ನಾನೂರು ಗ್ರಾಂ ಇರಬಹುದು. ತಮ್ಮನ 41 ಪೌಂಡಿನ ಲೇಕಿಗೆ ಇದು ಚಟ್ನಿ. ಆದ್ರೂ ತಾಮ್ರದ ತಂತಿ ಅದರ ಬಾಯಿ ಮೂಲ್ಯಾಗ ಹೊಳೀತಿತ್ತು, ಅದನ್ನ ನೋಡ್ಕೋತ ಏಣಿ ಮ್ಯಾಲೆ ಎಷ್ಟೊತ್ತು ನಿಂತೆ ಗೊತ್ತಿಲ್ಲ.

ತಮ್ಮಗ ಹೇಳಿದ್ರ ಅವ ಇನ್ನೊಂದು ಹೇಳಿದ. ಆ ಲೇಕಿನ ಟ್ರೌಟೂ ನಡುವ ಪೂರ್ತಿ ಹೋಗಿಬಿಟ್ಟಿತ್ತಂತ. 1905ರಾಗ ಟ್ರಕಿ ನದಿಗೆ ಡರ್ಬಿ ಡ್ಯಾಮ್ ಕಟ್ಟಿ ನೀರು ಹೊಲಕ್ಕ ತಿರುಗಿಸಿದ್ರು, ಲೇಕು ಇಳೀತು, ಮೀನಿಗಿ ತತ್ತಿ ಇಡಾಕ ಹೊಳಿ ಹತ್ತಾಕ ಬರಲಿಲ್ಲ, 1940ರ ಹೊತ್ತಿಗೆ ಆ ತಳಿ ಲೇಕಿನ್ಯಾಗ ಒಂದೂ ಉಳೀಲಿಲ್ಲ. ಆಮ್ಯಾಲೆ ಪೈಲಟ್ ಪೀಕ್ ಅನ್ನೋ ಗುಡ್ಡದ ಸಣ್ಣ ಹಳ್ಳದಾಗ ಅದ ತಳಿ ಸಿಕ್ತು, ಯಾರೋ ಹಿಂದಕ ಒಯ್ದು ಬಿಟ್ಟದ್ದು. ಅದನ್ನ ಸಾಕಿ ಬೆಳಸಿ 2006ರಾಗ ಲೇಕಿಗೆ ಮತ್ತ ಬಿಟ್ರು, ಈಗ ಇಪ್ಪತ್ತು ಪೌಂಡಿನವು ಸಿಗ್ತಾವು. ಅಲ್ಲಿ ಡ್ಯಾಮು ಕಟ್ಟಿ ಲೇಕು ಬತ್ತಿತು, ಇಲ್ಲಿ ಡ್ಯಾಮು ಕಟ್ಟಿ ಅಜ್ಜನ ಹೊಲ ಲೇಕಾತು. ಅಜ್ಜ ಪರಿಹಾರದ ರೊಕ್ಕ ಎಣಿಸೋಮುಂದ ಮಾತಾಡ್ಲಿಲ್ಲ ಅಂತ ಅಪ್ಪ ಹೇಳ್ತಾರ.

ಏಣಿ ಮಾಡೋರಿಗೆ ಒಂದು ಎಚ್ಚರಿಕಿ. ಕೃಷ್ಣಾದಾಗ ಮೊಸಳಿ ಅದಾವು, ಹಿನ್ನೀರಾಗೂ ಅದಾವು. ನಾ ಹೋಗೋದು ಕಾಕಾ ದಿನಾ ಬಲಿ ಹಾಕೋದರ ಹತ್ರದ ಬಯಲು ಜಾಗಕ್ಕ, ಹೊತ್ತು ಏರಿದ ಮ್ಯಾಲೆ, ಮೊಣಕಾಲಿಗಿಂತ ಆಳ ಹೋಗಂಗಿಲ್ಲ, ಅವ್ರು ಇವತ್ತು ಬ್ಯಾಡ ಅಂದ ದಿನ ವಾಪಸ್ ಬರ್ತೀನಿ. ಲೈಫ್ ಜಾಕೆಟ್ ಹಾಕ್ಕೋರಿ, ನಾಚ್ಕೋಬ್ಯಾಡ್ರಿ. ಒಬ್ರೇ ಹೋಗಬ್ಯಾಡ್ರಿ. ಮ್ಯಾಲೆ ಕರೆಂಟ್ ತಂತಿ ಇದ್ದಲ್ಲಿ ಒಂಬತ್ತೂವರಿ ಫೂಟಿನ ರಾಡು ಎತ್ತೂ ಕೆಲಸ ಬ್ಯಾಡ, ವೈಂಡಿಂಗ್ ಮಾಡಾವ ಹೇಳಾಕತ್ತೀನಿ.

ಈಗ ಬಾಕಿ ಉಳದಿದ್ದು: ನಾಲ್ಕು ಬೋಲ್ಟಿನಾಗ ಎರಡು ಆಗ್ಲೇ ತುಕ್ಕು ಹಿಡದಾವು, ಸ್ಟೀಲಿನವು ಹಾಕಬೇಕು. ಹಿಂದಿನ ಎಡಗಾಲಿನ ಪ್ಲೇಟು ಆಡೋಮುಂದ ಕಿರ್ ಅಂತೈತಿ, ಗ್ರೀಸು ನೀರಾಗ ನಿಲ್ಲಂಗಿಲ್ಲ, ನಡುವ ನೈಲಾನ್ ವಾಷರ್ ಹಾಕಿ ನೋಡ್ತೀನಿ. ಕುರ್ಚಿ ಜೋಡಿಸೋ ವಿಚಾರನೂ ಐತಿ, ಆದ್ರ ಅದಕ್ಕಿಂತ ಮೊದಲ ಏಣಿ ಮನಿಗಿ ವಾಪಸ್ ಬರಬೇಕು. ಹೋದ ವಾರ ಬಾಜೂ ಮನಿ ಅಕ್ಕಾರು ಗ್ವಾಡಿಗಿ ಸುಣ್ಣ ಹಚ್ಚಾಕ ಅಂತ ಒಯ್ದಾರ, ಪಾದ ಆಡತಾವು ಅಂತ ಕೆಳಗ ಇಟ್ಟಂಗಿ ಇಟ್ಟು ಹತ್ಯಾರಂತ.